ಹೆಸರಾಂತ ಕೋವಿ

ಬನ್ನಿಮಂಟಪದ ಒಡವೆ ಅಂಗಡಿಗೆ ಸ್ವಂತ ಕೋವಿಯಿರುವ ಕಾವಲುಗಾರ ಬೇಕಾಗಿತ್ತು. ದುಡಿಯುತ್ತಿದ್ದ ಗಿರಣಿ ಮುಚ್ಚಿಹೋಗಿ ಮನೆಯಲ್ಲಿ ಕೂತಿದ್ದ ಸಿದ್ದಪ್ಪಾಜಿಗೆ ಆ ಕೆಲಸ ಸಿಗಲೇಬೇಕಿತ್ತು. ಆದರೆ ಅವನ ಕೋವಿ ಯಾರೂ ಕೇಳಿರದ ಕಂಪನಿಯದು. ಅದೇ ಕೆಲಸ ಕೇಳಿಕೊಂಡು ಬಂದಿದ್ದ ಪ್ರಭುಸ್ವಾಮಿಯದು ಇಂಗ್ಲೆಂಡಿನ ಹೆಸರಾಂತ ಕಂಪನಿಯದು.

ಮಾಲೀಕರಾದ ಮೃತ್ಯುಂಜಯ ಇಬ್ಬರನ್ನೂ ಊರಾಚೆಯ ಗುರಿ ಅಭ್ಯಾಸದ ಮೈದಾನಕ್ಕೆ ಕರೆದೊಯ್ದರು. ಸಿದ್ದಪ್ಪಾಜಿಯ ಕೋವಿ ಗುಂಡು ಹಾರಿಸಿತು. ಪ್ರಭುಸ್ವಾಮಿಯದು ಟಿಕ್ ಎಂದು ಸುಮ್ಮನಾಯಿತು.

“ಇದು ಮಹಾರಾಜರ ಕಾಲದ್ದು ಕಣ್ರೀ,” ಎಂದ ಪ್ರಭುಸ್ವಾಮಿ.

“ಅದ್ಕೇ ರಿಟೈರ್ ಆಗ್ಬುಟ್ಟದೆ,” ಎಂದ ಸಿದ್ದಪ್ಪಾಜಿ.

ಮೃತ್ಯುಂಜಯ ಇಬ್ಬರನ್ನೂ ಸೇರಿಸಿಕೊಂಡರು.

“ಗಿರಾಕಿಗಳಿಗೆ ಹೆಸರು ಬೇಕು, ಪ್ರಭುಸ್ವಾಮಿಯವ್ರು ಬಾಗಿಲಲ್ಲಿರಲಿ. ಹೆಸರು ಓದಕ್ಕೆ ಬರದ ಕಳ್ಳ ಬಂದ್ರೆ ಒಳಗಡೆ ನೀವಿರಿ, ಸಿದ್ದಪ್ಪಾಜಿ.”

ಹೀಗೆ ಸಿದ್ದಪ್ಪಾಜಿಗೆ ಅಂಗಡಿಯ ಜೊತೆಗೆ ಪ್ರಭುಸ್ವಾಮಿಯನ್ನೂ ಕಾಯುವ ಕೆಲಸ ಸಿಕ್ಕಿತು.