ಹತ್ತು ಬೆರಳು

2003ರ ಮೇ ತಿಂಗಳ ಕತ್ತರಿ ಬಿಸಿಲು. ಬೆಳಿಗ್ಗೆ ಹನ್ನೊಂದಕ್ಕೇ ಚೆನ್ನೈನ ಪೆರಂಬೂರಿನ ಪ್ರೊಬೇಷನ್ ಕಚೇರಿಯ ಕಬ್ಬಿಣದ ಕುರ್ಚಿ ಕೂರಲಾರದಷ್ಟು ಕಾದಿತ್ತು. ಪ್ರೊಬೇಷನ್ ಅಧಿಕಾರಿ ತಮಿಳಿನಲ್ಲಿ ಎರಡನೇ ಸಲ ಕೇಳಿದರು, "ಶನಿವಾರ ಸಂಜೆ ನಾಲ್ಕಕ್ಕೆ ಎಲ್ಲಿದ್ದೆಪ್ಪಾ?"

ಆ ಹೊತ್ತಿಗೆ ಹತ್ತಿರದ ಪುರಸೈವಾಕ್ಕಂನಲ್ಲಿ ಒಂದು ಬೈಕು ಕಳುವಾಗಿತ್ತು. ಎದುರಿಗೆ ಕೂತಿದ್ದ ಹತ್ತೊಂಬತ್ತರ ರವಿಕಿರಣ್ ಹೋದ ವರ್ಷ ಬೈಕು ಕದ್ದೇ ಸಿಕ್ಕಿಬಿದ್ದವನು. ಪ್ರತಿ ಶನಿವಾರ ಸಂಜೆ, ದುಡುಕದೆ ಯೋಚನೆ ಮಾಡುವುದನ್ನು ಕಲಿಸುವ ತರಗತಿಗೆ ಬರಬೇಕು ಅಂತ ಹೇಳಿ ಕೋರ್ಟು ಅವನನ್ನು ಹೊರಗೆ ಬಿಟ್ಟಿತ್ತು. ಇನ್ನೊಂದು ತಪ್ಪಾದರೆ ಒಳಗೆ.

ಹುಡುಗ ಮೇಜಿನ ಕೆಳಗೆ ಒಂದೊಂದೇ ಬೆರಳು ಮಡಿಸುತ್ತಿದ್ದ. ಏನು ಮಾಡುವ ಮುಂಚೆಯೂ ಹತ್ತು ಬೆರಳು ಮಡಿಸು ಎಂದು ಆ ತರಗತಿಯಲ್ಲಿ ಹೇಳಿಕೊಟ್ಟ ಹರಿಪ್ರಿಯಾ ಟೀಚರು ಪಕ್ಕದಲ್ಲೇ ಕೂತಿದ್ದರು.

ಸಾಹೇಬರಿಗೆ ಕನ್ನಡ ಬಾರದೆಂಬ ಧೈರ್ಯದಲ್ಲಿ ಇನ್ನೊಂದು ಪಕ್ಕದಿಂದ ಅಜ್ಜಿ ಸಾಕಮ್ಮ ತಿವಿದಳು. "ಕ್ಲಾಸಲ್ಲಿದ್ದೆ ಅನ್ಲಾ! ಬಾಯೇನು ಹೊಲ್ಕೊಂಡಿದ್ದೀಯಾ?"

ಹತ್ತನೆಯದನ್ನು ಮಡಿಸಿ ಅವನೆಂದ, "ಕ್ಲಾಸ್‌ಗೆ ಪೋಗಲೆ ಸಾರ್. ತಣ್ಣಿ ಲಾರಿ ವಂದುಚ್ಚು." ತರಗತಿಗೆ ಹೋಗಿರಲಿಲ್ಲ; ನೀರಿನ ಲಾರಿ ಬಂದಿತ್ತು, ಅಜ್ಜಿಗೆ ನೀರು ಹಿಡಿಯುತ್ತಿದ್ದನಂತೆ.

ಅಧಿಕಾರಿ ಹಾಜರಿ ಪುಸ್ತಕ ತಿರುವಿದರು. "ಇದೇನಮ್ಮಾ? ಬಂದಿದ್ದಾನೆ ಅನ್ನುತ್ತೆ ನಿಮ್ಮ ಪುಸ್ತಕ. ಬಂದಿಲ್ಲ ಅಂತಾನೆ ಇವನು. ಬಂದಿದ್ದೆ ಅಂದಿದ್ದರೆ ಮನೆಗೆ ಕಳಿಸ್ತಿದ್ದೆನಲ್ಲಾ!"

ಹರಿಪ್ರಿಯಾ ಹುಡುಗನ ಮುಖ ನೋಡಿದರು. ಅವನು ಅವರ ಕೈ ನೋಡುತ್ತಿದ್ದ. ಸೀರೆಯ ಸೆರಗಿನಡಿ ಅವರ ಬೆರಳುಗಳೂ ಮಡಿಯುತ್ತಿದ್ದವು.

"ಬಂದಿರಲಿಲ್ಲ ಸಾರ್. ತಪ್ಪಿಸಿದರೆ ಒಳಗೆ ಹಾಕ್ತೀರಿ ಅಂತ ನಾನೇ ಹಾಜರಿ ಹಾಕಿಬಿಟ್ಟೆ."

ಅಧಿಕಾರಿ ಕನ್ನಡಕ ತೆಗೆದಿಟ್ಟರು. ಯಾರನ್ನು ಬೈಯಬೇಕೋ ಅವರಿಗೆ ತಿಳಿಯಲಿಲ್ಲ.

ಮಾರನೆಯ ದಿನ ಲಾರಿಯ ಡ್ರೈವರನ್ನು ವಿಚಾರಿಸಿದರು. ಕಡೆಯ ಕೊಡಕ್ಕಾಗಿ ಜಗಳ ಆಡಿದ ಹುಡುಗನನ್ನು ಅವನು ಮರೆತಿರಲಿಲ್ಲ. ತರಗತಿ ತಪ್ಪಿಸಿದ್ದಕ್ಕೆ ಎಚ್ಚರಿಕೆ ಕೊಟ್ಟು ರವಿಕಿರಣನನ್ನು ಹೊರಗೇ ಬಿಟ್ಟರು. ಹಾಜರಿ ಪುಸ್ತಕದ ಮೇಲೆ ಮಾತ್ರ ಕಾಗದ ಓಡಾಡಿ, ಹರಿಪ್ರಿಯಾ ಅವರನ್ನು ತರಗತಿಯಿಂದ ತೆಗೆದರು.

"ಅಲ್ಲ ಕಣ್ಲಾ," ಅದನ್ನು ಕೇಳಿಕೊಂಡು ಹೊರಬಂದ ಮೇಲೆ ಬಸ್ ಸ್ಟಾಪಿನಲ್ಲಿ ಸಾಕಮ್ಮ ಕೇಳಿದಳು, "ನೀನೂ ನಿಜ ಹೇಳ್ದೆ, ಆವಮ್ಮನೂ ನಿಜ ಹೇಳ್ತು. ಮತ್ತೆ ಯಾಕ್ಲಾ ಹಿಂಗಾಯ್ತು?"

ರವಿಕಿರಣ್ ಬೆರಳು ಮಡಿಸತೊಡಗಿದ. ಹತ್ತೂ ಮುಗಿದವು. ಬಿಚ್ಚಿ, ಹೆಬ್ಬೆರಳಿನಿಂದ ಮತ್ತೆ ಶುರುಮಾಡಿದ.

ರಸ್ತೆಯ ಆಚೆ ಬದಿಯಲ್ಲಿ ಹರಿಪ್ರಿಯಾ ಕೊಡೆ ಬಿಚ್ಚಿ, ಈ ಕಡೆ ನೋಡದೆ ನಡೆದು ಹೋದರು. ಅವತ್ತು ಬುಧವಾರ. ಅವರಿಲ್ಲದ ಶನಿವಾರಕ್ಕೆ ಇನ್ನು ಮೂರೇ ದಿನ.