ಬದನೆಕಾಯಿ ಬಣ್ಣದ ಕೋಣೆ

"ಅಲ್ಲಿಡಬೇಡ ಕಣೋ! ಮಂಚದ ಮೇಲೆ ಮಾತ್ರ ಇಡಬೇಡ!"

ಬಂದವರ ಚೀಲಗಳನ್ನೆಲ್ಲ ಎರಡೂ ಕೈಗೆ ನೇತುಹಾಕಿಕೊಂಡು ಹಿಂದಿನ ಕೋಣೆಯ ಬಾಗಿಲನ್ನು ಮೊಣಕಾಲಿನಿಂದ ತಳ್ಳಿದ್ದ ಭಾವಮೈದುನ ಹಾಗೇ ನಿಂತುಬಿಟ್ಟ. ಹಜಾರದಲ್ಲಿ ಅಕ್ಕನ ದೇಹ ಮಲಗಿದೆ, ಸುತ್ತ ಜನ ಕೂತಿದ್ದಾರೆ, ಭಾವ ನೋಡಿದರೆ ಒಂದು ಮಂಚಕ್ಕಾಗಿ ಹೀಗೆ ಕೂಗಾಡುತ್ತಿದ್ದಾರೆ.

"ಮತ್ತೆಲ್ಲಿಡ್ಲಿ ಭಾವ? ಹೊರಗೆ ಎಳ್ಳು ಹಾಕಿದ್ರೆ ಕೆಳಗೆ ಬೀಳಲ್ಲ, ಅಷ್ಟು ಜನ."

"ಅಡುಗೆಮನೇಲಿಡು. ನನ್ನ ತಲೆ ಮೇಲಿಡು. ಇದು ಅತಿಥಿಗಳ ಕೋಣೆ."

"ಬಂದಿರೋರೆಲ್ಲ ಅತಿಥಿಗಳೇ ಅಲ್ವಾ?"

"ಹಾಗಾದ್ರೆ ನೀನು ಇವತ್ತು ಇದ್ದು, ಇಲ್ಲೇ ಮಲಗಿ ಹೋಗು."

ಭಾವಮೈದುನ ಚೀಲಗಳ ಕಡೆ ನೋಡಿದ. "ನಾಳೆ ಬೆಳಗ್ಗೆ ಅಂಗಡಿ ತೆಗೀಬೇಕಲ್ಲ ಭಾವ..."

ಬೆಳಗಿನಿಂದ ಹೀಗೆ ನುಣುಚಿಕೊಂಡವರಲ್ಲಿ ಇವನು ಐದನೆಯವನು. ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿ ಮನೆಯಲ್ಲಿ ಕೂತಿರುವ ಡ್ರೈವರು, ಹೆಂಡತಿಗೆ ಹೂವಿಡಲು ಬಂದವರಲ್ಲಿ ಕೈಗೆ ಸಿಕ್ಕವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಇದೇ ಮಾತು ಕೇಳಿದ್ದರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮನೆಯಲ್ಲಿ ನಾಯಿ. ದಿಕ್ಕುಗಾಣದೆ ಎದುರುಮನೆಯವರನ್ನೂ ಕೇಳಿದರು. ಅವರು, "ನಮ್ಮನೆ ಇಲ್ಲೇ ಇದೆಯಲ್ಲ ಸಾರ್" ಎಂದು ಕಿಟಕಿಯಿಂದ ಬೆರಳು ಮಾಡಿ ತೋರಿಸಿದರು.

ಅವಳು ಅಷ್ಟು ಆಸೆಪಟ್ಟು ಸಿಂಗರಿಸಿದ ಕೋಣೆಯಲ್ಲಿ ಎಂಟು ತಿಂಗಳಿಂದ ಒಂದು ನರಪಿಳ್ಳೆಯೂ ಮಲಗಿರಲಿಲ್ಲ. ಇಷ್ಟು ಜನ ಸೇರಿದ ಈ ದಿನವೂ ಯಾರೂ ಮಲಗದಿದ್ದರೆ ಇನ್ನು ಯಾವತ್ತೂ ಮಲಗುವುದಿಲ್ಲ ಎಂದು ಡ್ರೈವರಿಗೆ ಗೊತ್ತಿತ್ತು.

* * *

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾಗಿ ಬಂದ ದಿನ, ಚಪ್ಪಲಿ ಬಿಡುವ ಮೊದಲೇ ಹೆಂಡತಿ ಹೇಳಿದ್ದಳು. "ಬಿಳೀ ಬಟ್ಟೆ ನೋಡಿ ನೋಡಿ ಕಣ್ಣು ಸವೆದುಹೋಗಿದೆ. ಹಿಂದಿನ ಕೋಣೆಗೆ ಕಪ್ಪು ಬಣ್ಣ ಬಳೀತೀನಿ."

"ಕಪ್ಪಾ?"

"ಪೂರ್ತಿ ಕಪ್ಪಲ್ಲ. ಬದನೆಕಾಯಿ ಬಣ್ಣ."

"ಬದನೆಕಾಯಿ ಕೂಡ ಒಳಗೆ ಬೆಳ್ಳಗೇ ಇರುತ್ತೆ ಕಣೇ."

"ಹಾಗಾದ್ರೆ ನನ್ನ ಕೋಣೆ ಬದನೆಕಾಯಿಗಿಂತ ವಾಸಿ."

ಬಣ್ಣ ಬಳಿಯುವವನು ಬಂದು ನೋಡಿ, ಕೋಣೆ ಇಕ್ಕಟ್ಟಾಗಿ ಕಾಣುತ್ತೆ ಅಮ್ಮಾ ಎಂದು ತಲೆ ಕೆರೆದುಕೊಂಡ. "ನಿದ್ದೆ ಮಾಡೋರು ಕಣ್ಣು ಮುಚ್ಚಿರ್ತಾರಪ್ಪ, ಕಾಣೋದೆಲ್ಲಿ ಬಂತು?" ಎಂದು ಅವನನ್ನು ಕಳಿಸಿ ತಾನೇ ಏಣಿ ಹತ್ತಿದಳು. ಏಣಿ ಹಿಡಿದು ನಿಂತ ಡ್ರೈವರ ಬೋಳುತಲೆಗೂ ಮೂರು ಕೋಟ್ ಬಣ್ಣ ಬಿತ್ತು.

ಆಮೇಲೆ ಹಳೇ ಸಾಮಾನಿನ ಬೇಟೆ. ಗುಜರಿ ಅಂಗಡಿಯ ಮೂಲೆಯಿಂದ ನಾಲ್ಕು ಮೂಲೆಗೂ ಹಿತ್ತಾಳೆ ಗುಂಡುಗಳಿದ್ದ ಕಬ್ಬಿಣದ ಮಂಚ ಬಂತು. ನಿಂಬೆಹಣ್ಣು, ಉಪ್ಪು ಹಾಕಿ ಗುಂಡುಗಳನ್ನು ವಾರಗಟ್ಟಲೆ ಉಜ್ಜಿದಳು. ಅಂಚಿನಲ್ಲಿ ಕಲೆ ಬಿದ್ದ ನಿಲುವುಗನ್ನಡಿ ಬಂತು. ಇದರಲ್ಲಿ ಸುಕ್ಕು ಅಷ್ಟಾಗಿ ಕಾಣಲ್ಲ ಎಂದು ಮೆಚ್ಚಿಕೊಂಡಳು. ಕುಚ್ಚಿನ ದೀಪ, ಲೇಸಿನ ಅಂಚಿನ ಹೂವಿನ ಮೇಲುಹಾಸು. ದೀಪ ಹಾಕಿದಾಗ ಆ ಗಾಢ ಗೋಡೆಗಳ ನಡುವೆ ಹಿತ್ತಾಳೆ ಹೊಳೆದದ್ದು ನೋಡಿ ಡ್ರೈವರೇ ರಾಗ ಬದಲಾಯಿಸಿದರು.

"ನಿಮ್ಮಜ್ಜಿ ಕಾಲದ ಕೋಣೆ ಇದ್ದ ಹಾಗಿದೆ."

"ನಮ್ಮಜ್ಜಿಗೆ ಕೋಣೆಯೇ ಇರಲಿಲ್ಲ. ಇದ್ದಿದ್ರೆ ಹೀಗೇ ಇರ್ತಿತ್ತು."

ಒಮ್ಮೆ ಊಟವಾದ ಮೇಲೆ ಅವರು ಕದ್ದು ಆ ಮಂಚದ ಮೇಲೆ ಅಡ್ಡಾದರು. ಐದು ನಿಮಿಷವೂ ಆಗಿರಲಿಲ್ಲ. "ಎದ್ದೇಳಿ! ನೀವೇನು ಅತಿಥಿನಾ?" ಎಂದು ಅವಳು ದಿಂಬನ್ನೇ ಎಳೆದಳು.

ಕಾಯಿಲೆ ಬಿದ್ದಾಗ, ನೀನಾದರೂ ಅಲ್ಲಿ ಮಲಗು ಎಂದು ಡ್ರೈವರು ಎಷ್ಟು ಅಂಗಲಾಚಿದರೂ ಒಪ್ಪಲಿಲ್ಲ. "ನಾನು ಮಲಗಿದ್ರೆ ಅದು ವಾರ್ಡ್ ಆಗುತ್ತೆ. ಸಾಕು, ಜೀವಮಾನವೆಲ್ಲ ವಾರ್ಡ್ ನೋಡಿದೀನಿ." ಹಜಾರದ ದಿವಾನದ ಮೇಲೇ ಉಳಿದಳು. ಕೊನೆಯ ವಾರ ಒಂದು ಮಧ್ಯಾಹ್ನ ಆ ಬಾಗಿಲ ಕಡೆ ನೋಡುತ್ತ ಅಂದಳು. "ಒಬ್ರಾದ್ರೂ ಅಲ್ಲಿ ಮಲಗೆದ್ದು, ಒಳ್ಳೇ ನಿದ್ದೆ ಬಂತು ಅಂದಿದ್ರೆ ಸಾಕಿತ್ತು ನೋಡಿ."

* * *

ಮಣ್ಣು ಮಾಡಿ ಮನೆಗೆ ಬಂದ ಡ್ರೈವರು ಕೋಣೆಯ ಬಾಗಿಲಲ್ಲಿ ಕಲ್ಲಾಗಿ ನಿಂತರು. ಮಂಚ ಬೋಳಾಗಿತ್ತು. ಮೇಲುಹಾಸು, ಹೊದಿಕೆ, ದಿಂಬಿನ ಗವಸು, ಒಂದೂ ಇರಲಿಲ್ಲ. ಹಿತ್ತಲಿನಿಂದ ಬಟ್ಟೆ ಹಿಂಡುವ ಸದ್ದು ಬರುತ್ತಿತ್ತು.

ಅಲ್ಲಿ ಹೆಂಡತಿಯ ಜೊತೆ ಲಾಂಡ್ರಿಯಲ್ಲಿ ದುಡಿದಿದ್ದ ಮೂವರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. ಹಿಡಿಮಣ್ಣು ಹಾಕಿ ಎಲ್ಲರಿಗಿಂತ ಮೊದಲು ವಾಪಸು ಬಂದವರು ಅವರೇ.

"ಏನ್ ಮಾಡಿದ್ರಮ್ಮಾ ನೀವು?"

ಮೂವರಲ್ಲಿ ಹಿರಿಯಳಾದ ಇಸ್ತ್ರಿಯವಳು ಕೈ ಒರೆಸಿಕೊಂಡಳು. "ಗಾಬರಿಯಾಗಬೇಡಿ ಭಾವ. ಅಕ್ಕನೇ ಕಲಿಸಿದ್ದು. ಹೋದವರ ಹಾಸಿಗೆ ಮನೆಯವರ ಕಣ್ಣಿಗೆ ಬೀಳಬಾರದು ಅನ್ನೋರು. ನೀವು ಬರೋದ್ರೊಳಗೆ ಎಲ್ಲ ತೊಳೆದುಬಿಟ್ವಿ."

"ಅವಳು ಅಲ್ಲಿ ಮಲಗಿದ್ದೇ ಇಲ್ಲ! ದಿವಾನದ ಮೇಲಿದ್ದಳು. ಆ ಮಂಚದಲ್ಲಿ ಇವತ್ತಿನವರೆಗೆ ಒಂದು ಸೊಳ್ಳೇನೂ ಮಲಗಿಲ್ಲ!"

ಮೂವರೂ ಮುಖ ಮುಖ ನೋಡಿಕೊಂಡರು. ಎಲ್ಲರಿಗಿಂತ ಚಿಕ್ಕವಳು ಮೆಲ್ಲಗೆ ಬಾಯಿಬಿಟ್ಟಳು. "ಅದಕ್ಕೇ ನೀರು ಒಂಚೂರೂ ಕೊಳೆಯಾಗ್ಲಿಲ್ಲ. ನಮ್ಮ ಸೋಪು ಪವಾಡ ಮಾಡ್ತು ಅಂದ್ಕೊಂಡೆ."

ಇಸ್ತ್ರಿಯವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ಕೆಮ್ಮಿದಂತೆ ಕೇಳಿಸಿತು, ಆಮೇಲೆ ತಡೆಯಲಾಗಲಿಲ್ಲ. ಡ್ರೈವರಿಗೂ ನಗು ಉಕ್ಕಿ ಬಂತು. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಣುಕಿ ನೋಡಿದ ಭಾವಮೈದುನ, ಭಾವನಿಗೆ ತಲೆ ಕೆಟ್ಟಿತು ಎಂದು ಹೆದರಿ ಒಂದು ಲೋಟ ನೀರು ತಂದ.

"ಅಕ್ಕ ಇದ್ದಿದ್ರೆ ಮೂವರಿಗೂ ಕಿವಿ ಹಿಂಡಿರೋರು," ಎಂದಳು ಇಸ್ತ್ರಿಯವಳು ಕಣ್ಣೊರೆಸಿಕೊಂಡು. "ಇನ್ನು ಒಣಗೋವರೆಗೂ ನಾವು ಕದಲೋ ಹಾಗಿಲ್ಲ. ಒದ್ದೆ ಬಟ್ಟೆ ಬಿಟ್ಟು ಪಾಳಿ ಮುಗಿಸಬಾರದು, ಅದೂ ಅವರದ್ದೇ ಕಾನೂನು. ಒಣಗಿಸಿ, ಹಾಸಿಕೊಟ್ಟು, ಐದೂವರೆ ಬಸ್ಸಿಗೆ ಹೋಗ್ತೀವಿ."

"ನಾಳೆ ಕೆಲಸಕ್ಕೆ ಬೇಗ ಹೋಗಬೇಕಾ?"

"ಇಲ್ಲ ಭಾವ, ಮಧ್ಯಾಹ್ನದ ಪಾಳಿ. ಆದ್ರೂ ಇಂಥಾ ದಿನ ಯಾಕೆ ನಿಮಗೆ ತೊಂದರೆ?"

ಐದೂವರೆ ಬಸ್ಸು ಹೋದರೆ ಮತ್ತೆ ಬಸ್ಸಿರುವುದು ಬೆಳಗ್ಗೆಯೇ. ಹತ್ತು ವರ್ಷ ಅದನ್ನು ಓಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಅಲ್ಲಿವರೆಗೆ ಒಳಗೆ ಸ್ವಲ್ಪ ಬೆನ್ನು ಚಾಚಿ," ಎಂದರು.

"ಬರೀ ಹಾಸಿಗೆ ಮೇಲಾ?"

"ಬರೀದು ಮಾಡಿದೋರು ಯಾರು?"

ಹಿಂದಿನ ರಾತ್ರಿಯ ಪಾಳಿ ಮುಗಿಸಿ ನೇರ ಬಂದಿದ್ದ ಮೂವರೂ ಮಂಚಕ್ಕೆ ಅಡ್ಡಡ್ಡ ಮಲಗಿದರು. ಡ್ರೈವರು ಪರದೆ ಎಳೆದರು. ಗೋಡೆಗಳು ಬೆಳಕನ್ನೆಲ್ಲ ಹೀರಿಕೊಂಡವು. "ಅಬ್ಬಾ, ಇಲ್ಲಿ ಕಣ್ಣು ತಾನಾಗೇ ಮುಚ್ಚುತ್ತಲ್ಲ," ಎಂದ ಚಿಕ್ಕವಳು ಮುಂದಿನ ಮಾತಿಗೆ ಬದಲು ಗೊರಕೆ ಹೊಡೆದಳು.

"ಮೆಲ್ಲಗೆ!" ಡ್ರೈವರು ಬಾಗಿಲಲ್ಲಿ ನಿಂತು ಭಾವಮೈದುನನನ್ನು ಗದರಿದರು. "ಅತಿಥಿಗಳು ಮಲಗಿದ್ದಾರೆ." ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಇಷ್ಟು ಸಂತೋಷಪಡಬಹುದೋ ಬಾರದೋ ಅವರಿಗೆ ತಿಳಿಯಲಿಲ್ಲ. ಆದರೂ ಸಂತೋಷಪಟ್ಟೇಬಿಟ್ಟರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಹಿತ್ತಲಿಗೆ ಹೋದರು. ಬಿಸಿಲು ತನ್ನ ಕೆಲಸ ಮಾಡಿ ಮುಗಿಸಿತ್ತು. ಹೊದಿಕೆಯನ್ನು ಮುಟ್ಟಿದರೆ ಹಪ್ಪಳದಂತೆ ಗರಿಗರಿ.

ಕಿಟಕಿಯೊಳಗಿಂದ ಇಸ್ತ್ರಿಯವಳ ನಿದ್ದೆಗಣ್ಣಿನ ದನಿ ಕೇಳಿತು. "ಭಾವಾ, ಒಣಗಿದವಾ?"

"ಎಲ್ಲಿ ಒಣಗುತ್ತಮ್ಮಾ? ಇನ್ನೂ ತೊಟ್ಟಿಕ್ತಾ ಇದೆ. ಮಲ್ಕೊಳ್ಳಿ ನೀವು."

ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಡ್ರೈವರು ಅತ್ತಿತ್ತ ನೋಡಿದರು. ನಲ್ಲಿಯ ಕೆಳಗಿದ್ದ ಬಕೆಟ್ಟನ್ನು ಸದ್ದಾಗದಂತೆ ಎತ್ತಿ ತಂದು, ಮಗ್ಗಿನಲ್ಲಿ ನೀರು ಮೊಗೆದು, ಬಟ್ಟೆ ಹರವಿದ್ದ ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸುರಿಯುತ್ತ ಹೋದರು.