ಆಗ್ಲಣ್ಣನ ಎಡಗೈ

ಅಂಗರಚನಾ ವಿಭಾಗದ ಹುಡುಗಿ ಸತ್ತವನ ಎತ್ತರವನ್ನು ಟೇಪಿನಲ್ಲಿ ಅಳೆದು, ಬಿಳಿ ಬಟ್ಟೆಯನ್ನು ಮತ್ತೆ ಕುತ್ತಿಗೆಯವರೆಗೆ ಎಳೆದು, ಫಾರಂ ಸಿಕ್ಕಿಸಿದ ರಟ್ಟನ್ನು ಅವನ ಮಗಳ ಕೈಗೆ ಕೊಟ್ಟಳು.

"ಇನ್ನು ಎಂಟು ಪ್ರಶ್ನೆ ಇದೆ ಅಕ್ಕ. ಮನೆಯವರೇ ತುಂಬಬೇಕು. ಗಾಡಿ ಮೂರಕ್ಕೆ ಹೊರಡುತ್ತೆ."

ಗೋಡೆಯ ಗಡಿಯಾರದಲ್ಲಿ ಎರಡೂಕಾಲಾಗಿತ್ತು. ದೇಹವನ್ನು ವಿಶ್ವವಿದ್ಯಾಲಯಕ್ಕೆ ಕೊಡುವುದಾಗಿ ಅಪ್ಪ ಯಾವಾಗಲೋ ಸಹಿ ಹಾಕಿಟ್ಟಿದ್ದ. ಹಾಗಾಗಿ ಸುಡುವುದೂ ಇಲ್ಲ, ಹೂಳುವುದೂ ಇಲ್ಲ. ನೌಕರರ ವಸತಿಯ ಈ ಮುಂದಿನ ಕೋಣೆಯಿಂದ ಬಾಗಿಲಲ್ಲಿ ನಿಂತ ಗಾಡಿಯವರೆಗಿನ ಹತ್ತು ಹೆಜ್ಜೆಯೇ ಅವನ ಅಂತ್ಯಯಾತ್ರೆ.

ಮಗಳು ಮೊದಲ ಪ್ರಶ್ನೆ ಓದಿದಳು. ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡುತ್ತಿದ್ದರು? ಅವಳಿಗೆ ಗೊತ್ತಿರಲಿಲ್ಲ. ಯಾವುದಕ್ಕೆ ಹೆದರುತ್ತಿದ್ದರು? ಅದೂ ಗೊತ್ತಿರಲಿಲ್ಲ. ನಲವತ್ತು ವರ್ಷ ಅಪ್ಪ ಎಂದು ಕರೆದವಳು ಮೂರನೆಯದಕ್ಕೆ ಹೋಗಲು ನಾಚಿದಳು.

ಬೆಳಗಿನಿಂದ ಬಂದವರನ್ನೆಲ್ಲ ಅವಳು ಒಂದೇ ಮಾತು ಕೇಳಿದ್ದಳು, ಅಪ್ಪನ ಬಗ್ಗೆ ಏನಾದರೂ ಹೇಳಿ ಎಂದು. ಗಾಡಿ ಹೊರಡುವುದರೊಳಗೆ ಒಂದಾದರೂ ನಿಜವಾದ ಸಂಗತಿ ಬೇಕಿತ್ತು. ಎಲ್ಲರೂ "ದೇವರಂಥ ಮನುಷ್ಯ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು.

ಈಗ ಕೋಣೆಯಲ್ಲಿ ಉಳಿದಿದ್ದವರು ಮೂವರು ಪ್ರೊಫೆಸರರು. ಅಪ್ಪ ಮೂವತ್ತಾರು ವರ್ಷ ಇವರ ತರಗತಿಗಳನ್ನು ಗುಡಿಸಿ, ಬೋರ್ಡು ಒರೆಸಿದ್ದ. ಯಾರ ಸಂಶೋಧನೆಗೆ ಜನ ಸಿಗದಿದ್ದರೂ ಪೊರಕೆ ಮೂಲೆಗಿಟ್ಟು "ಆಗ್ಲಿ ಸಾರ್" ಎಂದು ಕೂರುತ್ತಿದ್ದ. ಪ್ರಾಣಿಶಾಸ್ತ್ರದವರ ಸೊಳ್ಳೆ ಪೆಟ್ಟಿಗೆಯಲ್ಲಿ ಕೈಯಿಟ್ಟಿದ್ದ, ಭಾಷಾಶಾಸ್ತ್ರದವರಿಗೆ ಒಂದೇ ವಾಕ್ಯವನ್ನು ನೂರು ಸಲ ಹೇಳಿದ್ದ, ರಾಜ್ಯಶಾಸ್ತ್ರದವರಿಗೆ ಪ್ರತಿ ಚುನಾವಣೆಗೂ ಮುಂಚೆ ತನ್ನ ಮತ ಒಪ್ಪಿಸಿದ್ದ. ಎಲ್ಲರೂ ಅವನನ್ನು ಆಗ್ಲಣ್ಣ ಎಂದೇ ಕರೆಯುತ್ತಿದ್ದರು.

"ನಿದ್ದೆ ತಾನೆ? ಎಂಟು ಗಂಟೆ ಅಂತ ಬರಿಯಮ್ಮ," ಎಂದರು ಶರೀರಶಾಸ್ತ್ರದ ಹಿರಿಯರು. "ತಲೆಗೆ ತಂತಿ ಅಂಟಿಸಿದ್ರೂ ಮಗು ಥರ ಮಲಗೋನು."

"ಎಂಟೆಲ್ಲಿ ಬಂತು?" ಸಮಾಜಶಾಸ್ತ್ರದ ಮೇಡಂ ಕನ್ನಡಕ ಸರಿಮಾಡಿಕೊಂಡರು. "ನನ್ನ ಹತ್ರ ನಾಲ್ಕೇ ಗಂಟೆ ಅಂದಿದ್ದ. ಅಣ್ಣನ ಸಂಸಾರವೂ ಜೊತೆಗಿದೆ, ಚಿಂತೇಲಿ ನಿದ್ದೆ ಬರಲ್ಲ ಅಂತ. ನನ್ನ ಪುಸ್ತಕದ ಎರಡನೇ ಅಧ್ಯಾಯ ಪೂರ್ತಿ ಅವನೇ. ಮೂವತ್ತು ವರ್ಷದಲ್ಲಿ ಒಂದು ಪ್ರಶ್ನೆಗೂ ಗೊತ್ತಿಲ್ಲ ಅಂದವನಲ್ಲ."

"ಯಾವ ಅಣ್ಣ?" ಎಂದಳು ಅಮ್ಮ. ಗೋಡೆಗೆ ಒರಗಿ ಕೂತಿದ್ದವಳು ಅಂದು ಬಾಯಿ ಬಿಟ್ಟಿದ್ದು ಅದೇ ಮೊದಲು. "ಇವರು ಒಬ್ಬನೇ ಮಗ."

* * *

ಮಗಳಿಗೆ ಹನ್ನೆರಡು ವರ್ಷವಾಗಿದ್ದಾಗ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಮನೆಯ ಹಿರಿಯರೊಬ್ಬರಿಗೆ ಹತ್ತು ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡು ಬರಬೇಕು. ಅವಳು ನೋಟುಪುಸ್ತಕ ಹಿಡಿದು ಅಪ್ಪನ ಮುಂದೆ ಕೂತಳು.

"ಚಿಕ್ಕವರಿದ್ದಾಗ ನಿಮಗೆ ಏನಾಗಬೇಕು ಅಂತ ಆಸೆ ಇತ್ತು?"

ಅಪ್ಪ ಪ್ಯಾಂಟಿನ ಮೇಲಿದ್ದ ಚಾಕ್‌ಪುಡಿ ಕೊಡವಿಕೊಂಡ. ಆಮೇಲೆ ದನಿ ತಗ್ಗಿಸಿ, ಬಹಳ ಕಾಳಜಿಯಿಂದ ಕೇಳಿದ: "ನಿಮ್ಮ ಟೀಚರ್‌ಗೆ ಯಾವ ಉತ್ತರ ಬೇಕಂತೆ?"

ಅವಳಿಗೆ ಸಿಟ್ಟು ಬಂತು. ಹತ್ತೂ ಉತ್ತರಗಳನ್ನು ತಾನೇ ಬರೆದುಕೊಂಡು ಹೋದಳು, ಒಳ್ಳೆಯ ಅಂಕವೂ ಬಂತು. ಆಮೇಲೆ ಅವಳು ಅಪ್ಪನಿಗೆ ಪ್ರಶ್ನೆ ಕೇಳುವುದನ್ನು ಬಿಟ್ಟೇಬಿಟ್ಟಳು.

* * *

ಕೋಣೆಯಲ್ಲಿ ಜಗಳ ಹತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದು ಮೂವತ್ತು ವರ್ಷ ನಡೆಸಿದವರು ಈಗ ಕೊಟ್ಟಿಗೆ ಯಾರದು ಎಂದು ಕಾದಾಡುತ್ತಿದ್ದರು.

"ನಿಮ್ಮ ಪ್ರಶ್ನೆ ಕೇಳೋ ಕ್ರಮವೇ ಸರಿಯಿಲ್ಲ ಮೇಡಂ."

"ನಿಮ್ಮ ತಂತಿಗಳು ಸರಿಯಿದ್ದವಾ ನೋಡ್ಕೊಳ್ಳಿ. ಯಂತ್ರ ಅಂದ್ರೆ ದೇವರಲ್ಲ."

ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಅಪ್ಪ ಮಲಗಿದ್ದ. ಅವನು ಬೋರ್ಡು ಒರೆಸುವವನು. ಯಾರಿಗೆ ಯಾವ ಉತ್ತರ ಬೇಕೆಂದು ಒರೆಸುವ ಮುಂಚೆ ಓದಿಕೊಳ್ಳುತ್ತಿದ್ದ. ಅಷ್ಟು ಅರ್ಥವಾಗದ ಇವರೂ ವಿದ್ವಾಂಸರು. ಹಾಗೆ ನೋಡಿದರೆ ಮಗಳಿಗೂ ಅದು ಅರ್ಥವಾಗಿದ್ದು ಇವತ್ತೇ.

ಜಗಳಕ್ಕೆ ಬಾರದೆ ಕೂತಿದ್ದವರು ಮನಃಶಾಸ್ತ್ರ ವಿಭಾಗದ ಮುಖ್ಯಸ್ಥರು ಒಬ್ಬರೇ. ಅವರು ಕುರ್ಚಿಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡು ಫಾರಮ್ಮಿನ ಆರನೇ ಪ್ರಶ್ನೆಯ ಮೇಲೆ ಬೆರಳಿಟ್ಟರು. ಯಾವ ಕೈ ರೂಢಿ, ಎಡವೋ ಬಲವೋ?

"ಇದಕ್ಕೆ ಎಡ ಅಂತ ಹಾಕಮ್ಮ. ನಿನ್ನ ತಂದೆ ಎಡಗೈಯವರು. ನನ್ನ ಮೊದಲ ಸಂಶೋಧನೆ ನಿಂತಿರೋದೇ ಅವರ ಕೈ ಮೇಲೆ."

"ಎಡಗೈಯವರ ಮಿದುಳು ನಮಗೆ ಸಿಗೋದೇ ಅಪರೂಪ," ಎಂದಳು ಹುಡುಗಿ, ಮುಖ ಅರಳಿಸಿ. "ಬೇರೆಯಾಗಿಯೇ ತೆಗೆದಿಡ್ತೀವಿ."

ಮಗಳು ಪೆನ್ನು ಎತ್ತಿದವಳು ಹಾಗೇ ಹಿಡಿದುಕೊಂಡಳು. ಅವಳ ಕಣ್ಣು ಎಂಟನೇ ಪ್ರಶ್ನೆಯ ಮೇಲೆ ಬಿದ್ದಿತ್ತು. ಹುಡುಗಿ ಅಲ್ಲಿ ಆಗಲೇ ಅರ್ಧ ಬರೆದಿದ್ದಳು: ಗದ್ದದ ಮೇಲೆ ಹಳೆಯ ಗಾಯದ ಗುರುತು. ಕಾರಣ?

* * *

ಅವಳಿಗೆ ಆಗ ಹದಿನೈದು. ಒಂದು ವಾರ ಪೂರ್ತಿ ಅಪ್ಪ ಎಲ್ಲವನ್ನೂ ಎಡಗೈಯಲ್ಲಿ ಮಾಡಲು ಹೊರಟಿದ್ದ. ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಬೇಕಾಗುತ್ತಿತ್ತು. ಹಳೆಯ ಪತ್ರಿಕೆಯ ಅಂಚಿನಲ್ಲಿ ಎಡಗೈಯಿಂದ ತನ್ನ ಹೆಸರನ್ನು ಸೊಟ್ಟಸೊಟ್ಟಗೆ ಬರೆಯುತ್ತಿದ್ದ. ಒಂದು ಬೆಳಿಗ್ಗೆ ಎಡಗೈಯಲ್ಲಿ ಬ್ಲೇಡು ಹಿಡಿದು ಗಡ್ಡ ಹೆರೆದುಕೊಳ್ಳಲು ಹೋಗಿ ಗದ್ದ ಕುಯ್ದುಕೊಂಡ. ಬನಿಯನ್ನೆಲ್ಲ ರಕ್ತ.

"ಬಲಗೈಗೆ ಏನು ಬಂದಿದೆ ನಿಮಗೆ?" ಅಮ್ಮ ಟವೆಲ್ ಒತ್ತಿ ಹಿಡಿದು ಬೈದಳು.

"ಪಾಪ, ಆ ಹುಡುಗನಿಗೆ ಒಬ್ಬರು ಕಮ್ಮಿ ಬಿದ್ದಿದ್ದಾರೆ ಕಣೆ. ಮೆಟ್ಟಿಲ ಮೇಲೆ ಕೂತು ಅಳ್ತಿದ್ದ. ಓದು ನಿಂತುಹೋಗುತ್ತಂತೆ."

ಮಗಳು ಕನ್ನಡಿಯ ಹಿಂದಿನಿಂದ ಇಣುಕಿ ನಕ್ಕಿದ್ದಳು. "ಅಪ್ಪ ಎಡಬಿಡಂಗಿ." ಅವನೂ ನಕ್ಕಿದ್ದ. ಯಾವ ಹುಡುಗ, ಏನು ಕಮ್ಮಿ ಎಂದು ಅವಳು ಕೇಳಲಿಲ್ಲ. ಅವಳಿಗೆ ಶಾಲೆಗೆ ಹೊತ್ತಾಗಿತ್ತು.

* * *

"ಈ ಗಾಯ ಹೇಗಾಯ್ತು ಅಂತ ನಂಗೊತ್ತು," ಎಂದಳು ಮಗಳು. "ಎಡಗೈಲಿ ಗಡ್ಡ ಹೆರೆಯೋಕೆ ಹೋಗಿ ಆಗಿದ್ದು. ರೂಢಿ ಇರಲಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮುಖ್ಯಸ್ಥರ ಕೈ ತಮ್ಮ ನುಣ್ಣನೆಯ ಗದ್ದಕ್ಕೆ ಹೋಯಿತು.

"ಅದನ್ನೆಲ್ಲ ಯಾಕೆ ಬರೀತೀಯಮ್ಮ. ಗೊತ್ತಿಲ್ಲ ಅಂತ ಹಾಕಿದ್ರೆ ಸಾಕು."

"ಮೆಟ್ಟಿಲ ಮೇಲೆ ಅಳ್ತಾ ಕೂತಿದ್ದವರು ನೀವಾ ಸಾರ್?"

ಉಳಿದಿಬ್ಬರ ಜಗಳ ತಟ್ಟನೆ ನಿಂತಿತು. ಮುಖ್ಯಸ್ಥರು ಆ ಇಬ್ಬರ ಕಡೆಗೂ ನೋಡಿ ದನಿ ಇಳಿಸಿದರು. "ನಾನು ಕರೆದಿರಲಿಲ್ಲ. ಅವನೇ ಬಂದ."

"ಅಪ್ಪ ಎಡಗೈಯವರಲ್ಲ ಅಂತ ನಿಮಗೆ ಗೊತ್ತಿತ್ತು."

"ಗದ್ದಕ್ಕೆ ಹತ್ತಿ ಅಂಟಿಸ್ಕೊಂಡು ಬಂದಿದ್ದ," ಎಂದರು ಅವರು. "ನಾನು ಏನೂ ಕೇಳಲಿಲ್ಲ."

ಮಗಳು ಅಮ್ಮನ ಕಡೆ ತಿರುಗಿದಳು. "ಅಮ್ಮ, ಅಪ್ಪ ಇದನ್ನೆಲ್ಲ ಯಾಕೆ ನಂಗೆ ಹೇಳಲಿಲ್ಲ?"

"ಕೇಳಿದ್ರೆ ತಾನೇ ಹೇಳೋದು," ಎಂದಳು ಅಮ್ಮ. "ಅವರು ಈ ಸಂಶೋಧನೆಗಳಿಗೆ ಓಡಿಓಡಿ ಹೋಗ್ತಿದ್ದಿದ್ದೇ ಅದಕ್ಕೆ. ಅಲ್ಲಿ ಯಾರಾದ್ರೂ ಕೂರಿಸ್ಕೊಂಡು ಏನಾದ್ರೂ ಕೇಳ್ತಿದ್ರು."

ಮಗಳು ರಟ್ಟನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಬರೆಯತೊಡಗಿದಳು. ನಿದ್ದೆ, ಗೊತ್ತಿಲ್ಲ. ಹೆದರಿಕೆ, ಗೊತ್ತಿಲ್ಲ. ಇಷ್ಟದ ರುಚಿ, ಗೊತ್ತಿಲ್ಲ. ಹೀಗೆ ಆರು ಸಾಲು. ಎಂಟನೆಯದಕ್ಕೆ ಕಾರಣ ಬರೆದಳು. ಆರನೆಯದಕ್ಕೆ ಹಿಂತಿರುಗಿ 'ಬಲ' ಎಂದು ಬರೆದು, ಕಾಗದ ಹರಿಯುವಷ್ಟು ಒತ್ತಿ ಅಡಿಗೆರೆ ಎಳೆದಳು. ಹುಡುಗಿ ಅದನ್ನು ಓದಿ, "ಹಾಗಾದ್ರೆ ಮಾಮೂಲೇ" ಎಂದು ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

ಗಾಡಿಯವರು ಇದ್ದದ್ದು ಮೂವರು. ಸ್ಟ್ರೆಚರ್ ಹಿಡಿಯಲು ಇನ್ನೊಬ್ಬರು ಬೇಕಾಯಿತು. ಯಾರೂ ಕರೆಯದಿದ್ದರೂ ಮುಖ್ಯಸ್ಥರು ಎದ್ದು ಬಂದು ತಲೆಯ ಬಲಗಡೆಯ ಹಿಡಿ ಹಿಡಿದರು. ಹೊಸಿಲು ದಾಟುವಾಗ ಸ್ಟ್ರೆಚರ್ ಓರೆಯಾಗಿ, ಬಟ್ಟೆಯ ಕೆಳಗಿಂದ ಅಪ್ಪನ ಬಲಗೈ ಜಾರಿ ಹೊರಗೆ ಬಂತು. ಪೊರಕೆ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟಿತ್ತು. ಮುಖ್ಯಸ್ಥರು ಒಮ್ಮೆ ಸುತ್ತ ನೋಡಿದರು. ಆಮೇಲೆ ಬಿಡುವಾಗಿದ್ದ ಕೈಯಿಂದ ಅದನ್ನು ಎತ್ತಿ ಬಟ್ಟೆಯೊಳಗೆ ಸೇರಿಸಿ, ಮತ್ತೆ ಹೊರಗೆ ಬರದ ಹಾಗೆ ಅಂಚನ್ನು ಒತ್ತಿ ಮಡಿಸಿದರು.